ಹಾರನ್ನಿಗೆ ಬೇರೆ ದುಡ್ಡು

ಕಂಪನಿಯ ಲೆಕ್ಕದಲ್ಲಿ ನನಗೆ ಮೂರು ವರ್ಷ. ನಿಜವಾದ ವಯಸ್ಸು ಐವತ್ತನಾಲ್ಕು. ಮಂಡಿನೋವು, ಮೂಗಿನ ಮೇಲೆ ಕನ್ನಡಕ, ಅದೇ ಮೂಗಿನ ತುದಿಯಲ್ಲಿ ಕೋಪ, ಎಲ್ಲವೂ ಇವೆ. ಆದರೂ ನಾನು ಮಗು. ಇದು ಹೇಗಾಯಿತು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾರಿಗೂ ತಲೆಬುಡ ತಿಳಿಯುವುದಿಲ್ಲ.

ನಾನು ದರ್ಜಿ. ಎರಡನೇ ಮಹಡಿಯಲ್ಲಿರುವ ನನ್ನ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕೋಟು, ಪ್ಯಾಂಟು, ಪರದೆ, ಏನು ತಂದರೂ ಹೊಲಿದು ಕೊಡುತ್ತೇನೆ. ಮೆಟ್ಟಿಲು ಕಿರಿದು, ನಡುವೆ ಒಂದು ಕತ್ತಲೆ ತಿರುವು ಬೇರೆ. ಬಟ್ಟೆ ಗಂಟು ಹೊತ್ತು ಬರುವವರು ಅಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನನ್ನನ್ನು ಬೈಯುತ್ತಾರೆ. ನನ್ನಣ್ಣ ನನಗಿಂತ ಹತ್ತು ವರ್ಷ ದೊಡ್ಡವನು, ಮೂವತ್ತೊಂದು ವರ್ಷ ಬಸ್ ಓಡಿಸಿ ನಿವೃತ್ತನಾದವನು. ನಿವೃತ್ತನಾದ ಆರೇ ತಿಂಗಳಿಗೆ ಅತ್ತಿಗೆ ತೀರಿಕೊಂಡಳು. ಆಮೇಲೆ ಅವನು ಹೊರಗೆ ಬರುವುದನ್ನೇ ನಿಲ್ಲಿಸಿದ. ಎರಡು ಬೀದಿ ಆಚೆಯ ಅವನ ಮನೆಗೆ ನಾನು ಹೋದಾಗಲೆಲ್ಲ ಕುರ್ಚಿಯಲ್ಲಿ ಕೂತು ಎದುರಿನ ಗೋಡೆ ನೋಡುತ್ತಿದ್ದ. ಕೈಗಳು ಮಾತ್ರ ತೊಡೆಯ ಮೇಲೆ ಸುಮ್ಮನಿರುತ್ತಿರಲಿಲ್ಲ. ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ತಿರುಗುತ್ತಿದ್ದವು.

ಆಟಿಕೆ ಅಂಗಡಿಯ ಗಾಜಿನ ಹಿಂದೆ ಆ ಡಬ್ಬಿ ಕಂಡದ್ದು ಆಗ. ಮೇಲೆ ಬಸ್ಸಿನ ಚಿತ್ರ. ಟಿವಿಗೆ ಜೋಡಿಸಿ ಆಡುವ ಆಟ. ಒಬ್ಬರು ಬಸ್ ಓಡಿಸಬೇಕು, ಇನ್ನೊಬ್ಬರು ಟಿಕೆಟ್ ಕೊಡಬೇಕು, ಒಂದೇ ಸೋಫಾದಲ್ಲಿ ಕೂತು ಇಬ್ಬರೂ ಆಡಬಹುದು.

"ಒಂದ್ಸಲ ದುಡ್ಡು ಕೊಟ್ರೆ ಮುಗೀತಾ?" ಅಂತ ಅಂಗಡಿಯವನನ್ನು ಕೇಳಿದೆ.

"ಒಂದೇ ಸಲ ಮೇಡಂ. ಆಮೇಲೆ ಅದು ನಿಮ್ದೇ."

ನಂಬಿದೆ. ಆಟ, ಅದನ್ನು ಆಡಿಸುವ ಯಂತ್ರ ಎರಡನ್ನೂ ಕೊಂಡೆ. ಅಣ್ಣನನ್ನು ಕೈ ಹಿಡಿದು ಎಳೆದುಕೊಂಡು ಬಂದು ಸೋಫಾದ ಮೇಲೆ ಕೂರಿಸಿದೆ.

ಆಡುವ ಮೊದಲು ಯಂತ್ರ ನಮ್ಮಿಬ್ಬರ ವಿವರ ಕೇಳಿತು. ಅಣ್ಣ ಕಿಸೆಯಿಂದ ಲೈಸೆನ್ಸ್ ತೆಗೆದು ಒಂದೊಂದೇ ಅಂಕಿ ನೋಡಿ ತುಂಬಿದ. ನನ್ನ ಸರದಿ ಬಂತು. ಹೆಸರು ಬರೆದೆ. ಕೆಳಗೆ ದಿನಾಂಕಕ್ಕೆ ಮೂರು ಖಾನೆ ಇದ್ದವು. ಮೂವತ್ತು ವರ್ಷದಿಂದ ದಿನಕ್ಕೆ ಹತ್ತು ರಸೀದಿ ಬರೆದ ಕೈ ಇದು. ಹೆಸರಿನ ಕೆಳಗೆ ದಿನಾಂಕ ಅಂದರೆ ಬಟ್ಟೆ ಬಂದ ದಿನ, ಅಂದರೆ ಇವತ್ತು. ಮೇಲೆ ಸಣ್ಣಕ್ಷರದಲ್ಲಿ ಏನು ಬರೆದಿದೆ ಅಂತ ಯಾರು ನೋಡುತ್ತಾರೆ? ಇವತ್ತಿನ ದಿನಾಂಕ ಹಾಕಿ ಮುಂದಕ್ಕೆ ಒತ್ತಿದೆ. "ಹಿರಿಯರು ಜೊತೆಗಿದ್ದಾರೆಯೇ?" ಅಂತ ಕೇಳಿತು. ಪರವಾಗಿಲ್ಲ, ಮರ್ಯಾದೆ ಗೊತ್ತಿರುವ ಯಂತ್ರ ಅಂದುಕೊಂಡೆ. ಇದ್ದಾನಲ್ಲ ಪಕ್ಕದಲ್ಲಿ, ಹತ್ತು ವರ್ಷ ಹಿರಿಯ! ಹೌದು ಅಂತ ಒತ್ತಿದೆ. ಹಿರಿಯರ ಬ್ಯಾಂಕ್ ಕಾರ್ಡಿನ ಸಂಖ್ಯೆ ಬೇಕು, ಖಾತ್ರಿಗೆ ಮಾತ್ರ ಅಂದಿತು. ಅಣ್ಣ ಕೊಟ್ಟ. ಹೀಗೆ ಆ ದಿನ ನಾನು ಹುಟ್ಟಿದೆ, ಅಣ್ಣ ನನ್ನ ಪೋಷಕನಾದ.

ವಾರದ ನಂತರ ಅವನ ಫೋನಿಗೆ ಒಂದು ವರದಿ ಬಂತು. "ನಿಮ್ಮ ಮಗು ಈ ವಾರ ಎರಡು ಗಂಟೆ ಆಡಿದೆ." ಆಗಲೇ ನನ್ನ ಎಡವಟ್ಟು ಬಯಲಾದದ್ದು. ಅಣ್ಣ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಅತ್ತಿಗೆ ಹೋದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಏ ಮೆಣಸಿನಕಾಯಿ, ಹಾಲು ಕುಡಿದ್ಯಾ? ಜೋಗುಳ ಹಾಡ್ಲಾ?" ಅಂತ ತಿಂಗಳುಗಟ್ಟಲೆ ಕಾಡಿದ. ಮೆಣಸಿನಕಾಯಿ ಅನ್ನುವುದು ಚಿಕ್ಕಂದಿನಿಂದ ಅವನು ನನಗಿಟ್ಟ ಹೆಸರು, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಅವನು ಹಾಗೆ ನಗಲಿ ಅಂತಲೇ ನಾನು ಅದನ್ನು ತಿದ್ದಿಸುವ ಗೋಜಿಗೆ ಹೋಗಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ನಾಲ್ಕಕ್ಕೆ ಅಣ್ಣ ಬರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ, ಅದೂ ನನ್ನ ಸೋಫಾದಲ್ಲಿ ಕೂರುವುದಕ್ಕೆ. ನಮ್ಮದು ಹದಿನಾಲ್ಕನೇ ನಂಬರ್ ಬಸ್ಸು: ಊರಿನ ಡಿಪೋದಿಂದ ಬೆಟ್ಟದ ತುದಿಯ ನಿಲ್ದಾಣದವರೆಗೆ, ಇಪ್ಪತ್ತೆರಡು ತಿರುವು. ಹೊರಡುವ ಮೊದಲು ಅವನು ಬಸ್ ಪರೀಕ್ಷೆ ಮಾಡುತ್ತಿದ್ದ. ಆಟದಲ್ಲಿ ಅದು ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿತ್ತು. "ಬ್ರೇಕು, ಲೈಟು, ವೈಪರು, ಹಾರನ್ನು" ಅಂತ ಬಾಯಲ್ಲಿ ಹೇಳುತ್ತ ಒಂದೊಂದೇ ಗುಂಡಿ ಒತ್ತಿ ನೋಡುತ್ತಿದ್ದ. "ನಾಲ್ಕೂ ಸರಿ ಇದ್ರೆ ಸಹಿ. ಸಹಿ ಆದ್ರೆ ಡಿಪೋ ಗೇಟು ತೆಗೀತಾರೆ. ಮೂವತ್ತೊಂದು ವರ್ಷ ಒಂದೇ ಒಂದಿನಾನೂ ನೋಡದೆ ಸಹಿ ಹಾಕಿಲ್ಲ ಕಣೇ." ಪ್ರತಿ ತಿರುವಿಗೂ ಒಂದು ಹಾರನ್. ಎದುರಿಗೆ ಗಾಡಿ ಇರಲಿ ಬಿಡಲಿ, ಪೋಂ ಅನ್ನಲೇಬೇಕು.

ಆ ಬಸ್ಸಿನಲ್ಲಿ ಅವನು ಮಾತಾಡತೊಡಗಿದ. ಇಬ್ಬರ ಕಣ್ಣೂ ರಸ್ತೆಯ ಮೇಲೆ ಇರುತ್ತಿದ್ದರಿಂದಲೋ ಏನೋ, ಮುಖ ನೋಡಿ ಹೇಳಲಾಗದ್ದನ್ನೆಲ್ಲ ಹೇಳಿದ. ಅತ್ತಿಗೆಯ ಕೊನೆಯ ವಾರದ ಬಗ್ಗೆ ಒಂಬತ್ತನೇ ತಿರುವಿನಲ್ಲಿ ಹೇಳಿದ, ಹನ್ನೆರಡನೇ ತಿರುವಿನ ತನಕ ಅತ್ತ, ಹದಿಮೂರಕ್ಕೆ ಹಾರನ್ ಹೊಡೆದ. ನಾನು ಟಿಕೆಟ್ ಹರಿಯುತ್ತ ಕೇಳಿಸಿಕೊಂಡೆ. ನನಗೆ ಆ ಎರಡು ಗಂಟೆ ಬಿಟ್ಟರೆ ವಾರದಲ್ಲಿ ಬೇರೆ ಯಾವುದೂ ಅಷ್ಟು ಮುಖ್ಯವಾಗಿರಲಿಲ್ಲ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಕಂಪನಿ ಬಾಲ ಬಿಚ್ಚಿತು. ಮೊದಲು ನಮ್ಮ ಬಸ್ಸಿನ ಮೈತುಂಬ ಶಾಂಪೂ ಜಾಹೀರಾತು ಅಂಟಿಸಿದರು. ಸಹಿಸಿಕೊಂಡೆವು, ನಿಜವಾದ ಬಸ್ಸಿಗೂ ಅಂಟಿಸುತ್ತಾರಲ್ಲ. ಆಮೇಲೆ ಪ್ರಯಾಣಿಕರು ಕೊಡುವ ದುಡ್ಡಿನ ಜೊತೆಗೆ ಚಿನ್ನದ ನಾಣ್ಯ ಅಂತ ಒಂದು ಶುರುವಾಯಿತು. ಅದನ್ನು ನಮ್ಮ ನಿಜವಾದ ದುಡ್ಡು ಕೊಟ್ಟು ಕೊಳ್ಳಬೇಕಂತೆ. ಕೊಳ್ಳಲಿಲ್ಲ, ಅಷ್ಟೆ. ಆಮೇಲೆ ಒಂದು ಭಾನುವಾರ ಆಟ ತನ್ನಷ್ಟಕ್ಕೆ ತಾನೇ ಹೊಸದಾಯಿತು. ಅಣ್ಣ "ಬ್ರೇಕು, ಲೈಟು, ವೈಪರು" ಅಂದ. ಹಾರನ್ ಗುಂಡಿ ಒತ್ತಿದ. ಸದ್ದಿಲ್ಲ. ಗುಂಡಿಯ ಮೇಲೆ ಸಣ್ಣದೊಂದು ಬೀಗದ ಚಿತ್ರ ಕೂತಿತ್ತು, ಪಕ್ಕದಲ್ಲಿ ಬೆಲೆ.

"ಏನೇ ಇದು?"

ನಾನು ಕನ್ನಡಕ ಏರಿಸಿ ಓದಿದೆ. "ಹಾರನ್ನಿಗೆ ಬೇರೆ ದುಡ್ಡಂತೆ."

"ಮೊದ್ಲು ಇತ್ತಲ್ಲ?"

"ಇತ್ತು. ಈಗ ಕಿತ್ಕೊಂಡಿದಾರೆ. ಬೇಕಾದ್ರೆ ವಾಪಸ್ ಕೊಂಡ್ಕೋಬೇಕು."

ನನ್ನ ಮೈ ಉರಿದುಹೋಯಿತು. ನಾನೊಂದು ಅಂಗಿ ಹೊಲಿದು ಕೊಟ್ಟು, ದುಡ್ಡು ಎಣಿಸಿಕೊಂಡು, ಎರಡು ವರ್ಷದ ಮೇಲೆ ಗಿರಾಕಿಯ ಮನೆಗೆ ಕತ್ತರಿ ಹಿಡಿದು ಹೋಗಿ ಗುಂಡಿಗಳನ್ನು ಕತ್ತರಿಸಿಕೊಂಡು, ಬೇಕಾದರೆ ಕೊಂಡುಕೊಳ್ಳಿ ಅಂದರೆ ಆ ಬೀದಿಯಲ್ಲಿ ನನ್ನ ಹಲ್ಲು ಉಳಿಯುತ್ತದೆಯೇ? ಇವರಿಗೆ ಮಾತ್ರ ಹೇಳುವವರು ಕೇಳುವವರು ಯಾರೂ ಇಲ್ಲ. ಅಣ್ಣ ನನ್ನ ಹಾಗೆ ಕೂಗಾಡಲಿಲ್ಲ. ಬಸ್ಸನ್ನು ಗೇಟಿನಿಂದ ಆಚೆ ಬಿಡುವುದೋ ಬೇಡವೋ ಅಂತ ಬಹಳ ಹೊತ್ತು ಕೂತ. ಕೊನೆಗೆ ಬಿಟ್ಟ, ಆದರೆ ಪ್ರತಿ ತಿರುವಿನಲ್ಲೂ ಪೂರ್ತಿ ನಿಲ್ಲಿಸಿ, ಇಣುಕಿ ನೋಡಿ, ಮೆಲ್ಲಗೆ ಮುಂದಕ್ಕೆ ತೆಗೆದ. ತುದಿ ತಲುಪುವಷ್ಟರಲ್ಲಿ ಪ್ರಯಾಣಿಕರೆಲ್ಲ ಸಿಟ್ಟಾಗಿ ಇಳಿದುಹೋಗಿದ್ದರು. ಅವತ್ತು ಮಾತಿಗೆ ಜಾಗವೇ ಇರಲಿಲ್ಲ.

ಕಂಪನಿಯ ದೂರಿನ ಪುಟದಲ್ಲಿ ನಾನು ಬರೆದೆ. "ನಿಮ್ಮ ಭಾವನೆ ನಮಗೆ ಅಮೂಲ್ಯ" ಅಂತ ಮಾರುತ್ತರ ಬಂತು. ಏನು ಬರೆದರೂ ಅದೇ ಉತ್ತರ. ಕೊನೆಗೆ "ನೀನು ಕತ್ತೆ" ಅಂತ ಬರೆದೆ, ಅದಕ್ಕೂ ನಿಮ್ಮ ಭಾವನೆ ನಮಗೆ ಅಮೂಲ್ಯ ಅಂದಿತು. ಅಣ್ಣ ಹಾಗಲ್ಲ. ಎರಡು ದಿನ ಕೂತು, ಮೇಲಧಿಕಾರಿಗಳಿಗೆ ಬರೆಯುವ ಹಾಗೆ ಒಂದು ಪುಟ ಬರೆದ: ಹಾರನ್ ಇಲ್ಲದ ವಾಹನವನ್ನು ಘಟ್ಟದ ರಸ್ತೆಗೆ ಬಿಡುವುದು ತಪ್ಪು, ಮಾರಿದ ವಸ್ತುವಿನ ಭಾಗವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಇನ್ನೂ ದೊಡ್ಡ ತಪ್ಪು, ದಯವಿಟ್ಟು ಸರಿಪಡಿಸಬೇಕು. ಅದರ ಫೋಟೋ ತೆಗೆದು ಕಳಿಸಿದ. ಉತ್ತರಕ್ಕೆ ಕಾದ. ಮೂರು ಭಾನುವಾರ ಮೌನವಾಗಿ, ತಿರುವು ತಿರುವಿಗೂ ಬಸ್ ನಿಲ್ಲಿಸಿ ಓಡಿಸಿದ. ನಾಲ್ಕನೆಯದಕ್ಕೆ ಅವನು ಹೇಳಿದ, "ಇನ್ನು ಬರ್ಲೋ ಬೇಡ್ವೋ ನೋಡ್ಬೇಕು."

ಮತ್ತೆ ಆ ಕುರ್ಚಿ, ಆ ಗೋಡೆ. ಅವನು ನೀರು ಕುಡಿಯಲು ಒಳಗೆ ಹೋದಾಗ ನಾನು ಹಾರನ್ನಿನ ಬೀಗ ಒತ್ತಿದೆ. ಎರಡು ಪ್ಯಾಂಟಿಗೆ ಜಿಪ್ ಹಾಕಿದ ಮಜೂರಿ, ಹೋದರೆ ಹೋಗಲಿ. "ಪೋಷಕರ ಒಪ್ಪಿಗೆ ಕೇಳಲಾಗಿದೆ" ಅಂದಿತು. ಸೋಫಾದ ಮೇಲಿದ್ದ ಅವನ ಫೋನು ಗುಂಯ್ ಅಂದಿತು. ನಾನು ಅದನ್ನೆತ್ತಿ "ಒಪ್ಪಿದೆ" ಒತ್ತಿ, ಇದ್ದಲ್ಲೇ ಇಟ್ಟೆ. ದುಡ್ಡು ನನ್ನದು ಹೋಗುತ್ತದೆ ಅಂದುಕೊಂಡಿದ್ದೆ. ಮಗುವಿಗೆ ಎಲ್ಲಿಯ ದುಡ್ಡು? ಹೋದದ್ದು ಅಣ್ಣನ ಕಾರ್ಡಿನಿಂದ. ಅದೂ ಮುಂದಿನ ತಿಂಗಳಿಂದ ಶುರುವಾಗಿ ತಿಂಗಳು ತಿಂಗಳೂ ಹೋಗುವ ಬಗೆಯದು.

ಅಣ್ಣ ಬಂದು ಕೂತ. ಬ್ರೇಕು, ಲೈಟು, ವೈಪರು. ಅಭ್ಯಾಸಬಲದಿಂದ ಹಾರನ್ ಒತ್ತಿದ.

ಪೋಂ!

"ಎಲಾ ಇವ್ನ!" ಅಂತ ಎದ್ದೇ ನಿಂತ. "ನೋಡ್ದೇನೇ? ನನ್ ಕಾಗದ ಓದಿದಾರೆ ಕಣೇ! ದೊಡ್ಡವರು ಯಾರೋ ಓದಿದಾರೆ. ನೆಟ್ಟಗೆ ಬರೆದ್ರೆ ಕೇಳ್ತಾರೆ, ನಿನ್ ಥರ ಕತ್ತೆ ಅಂದ್ರೆ ಯಾರು ಕೇಳ್ತಾರೆ?"

ಆಗಲೇ ನಿಜ ಹೇಳಬೇಕಿತ್ತು. ಅವನ ಮುಖ ನೋಡಿ ಬಾಯಿ ಬರಲಿಲ್ಲ. ಆ ತಿಂಗಳ ಭಾನುವಾರಗಳು ಮೊದಲಿನ ಹಾಗೇ ಆದವು, ಮಾತು, ನಗು, ಹಾರನ್. ತನ್ನ ಕಾಗದದ ಕಥೆಯನ್ನು ಉಪ್ಪು ಖಾರ ಹಚ್ಚಿ ಹಳೆಯ ಡಿಪೋ ಸ್ನೇಹಿತರಿಗೆಲ್ಲ ಫೋನ್ ಮಾಡಿ ಹೇಳಿದ. ಮುಂದಿನ ತಿಂಗಳ ಮೊದಲ ತಾರೀಕು ಅವನ ಫೋನಿಗೆ ಬ್ಯಾಂಕಿನ ಸಂದೇಶ ಬಂತು.

ಅವನು ನನ್ನ ಮನೆ ಬಾಗಿಲಲ್ಲಿ ನಿಂತು ಕೇಳಿದ. "ನನ್ ಫೋನ್ ಮುಟ್ಟಿದ್ಯಾ?"

"ನಿನಗೋಸ್ಕರ ಅಣ್ಣ."

"ನನ್ ಕಾಗದಕ್ಕೆ ಅವ್ರು ಕ್ಯಾರೇ ಅಂದಿಲ್ಲ. ಊರಿಗೆಲ್ಲ ಹೇಳ್ಕೊಂಡು ಬಂದೆ ನಾನು. ನನ್ನ ಕೋಡಂಗಿ ಮಾಡ್ಬಿಟ್ಟೆಯಲ್ಲೇ."

"ದುಡ್ಡು ಕೊಡ್ತೀನಿ ತಗೋ."

"ದುಡ್ಡಿನ ಮಾತಲ್ಲ! ನಮ್ದನ್ನ ನಮ್ಮಿಂದ ಕಿತ್ಕೊಂಡು ನಮಗೇ ಮಾರೋರಿಗೆ ನೀನು ಹೂಂ ಅಂದೆ. ನನ್ ಹೆಸರಲ್ಲಿ ಸಹಿ ಹಾಕ್ದೆ. ನಾನು ನೋಡದೆ ಸಹಿ ಹಾಕೋನಲ್ಲ ಅಂತ ಗೊತ್ತಿದ್ದೂ."

ತಪ್ಪು ನನ್ನದು ಅಂತ ಗೊತ್ತಿದ್ದಾಗಲೇ ನನ್ನ ನಾಲಿಗೆ ಉದ್ದವಾಗುವುದು. "ಒಂದು ಹಾರನ್ನಿಗೆ ಇಷ್ಟು ರಂಪಾನಾ? ಅದು ನಿಜವಾದ ಬಸ್ಸಲ್ಲ. ನೀನೂ ಈಗ ಡ್ರೈವರಲ್ಲ!" ಅಂದುಬಿಟ್ಟೆ.

ಅವನು ಬೆನ್ನು ತಿರುಗಿಸಿ ಮೆಟ್ಟಿಲಿಳಿದ. ತಿರುವಿನಲ್ಲಿ ಒಂದು ಕ್ಷಣ ಅವನ ಹೆಜ್ಜೆ ನಿಂತದ್ದು ಕೇಳಿಸಿತು. ಆಮೇಲೆ ಇಳಿದುಹೋದ. ಹಾರನ್ನನ್ನು ಅವತ್ತೇ ರದ್ದು ಮಾಡಿದ್ದ, ಬೀಗ ಮತ್ತೆ ಬಂದು ಕೂತಿತ್ತು.

ಹನ್ನೊಂದು ಭಾನುವಾರ ಅವನು ಬರಲಿಲ್ಲ. ನಾನೂ ಹೋಗಲಿಲ್ಲ. ಬಿಗುಮಾನ ಅಂತ ಅನ್ನಿ, ನಾಚಿಕೆ ಅಂತ ಅನ್ನಿ, ಎರಡೂ ನಿಜ. ಆದರೆ ನಾಲ್ಕು ಗಂಟೆಯಾಗುತ್ತಲೇ ಟಿವಿ ಹಾಕಿ ಆಟ ತೆರೆಯುತ್ತಿದ್ದೆ. ನನಗೆ ಓಡಿಸಲು ಬರುವುದಿಲ್ಲ. ಡಿಪೋದಲ್ಲಿ ನಿಂತ ಬಸ್ಸಿನೊಳಗೆ, ಕಂಡಕ್ಟರ್ ಜಾಗದಲ್ಲಿ, ಖಾಲಿ ಡ್ರೈವರ್ ಸೀಟು ನೋಡುತ್ತ ಆರರವರೆಗೆ ಕೂರುತ್ತಿದ್ದೆ. ಇದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಹನ್ನೆರಡನೇ ವಾರ, ಮಂಗಳವಾರ, ಟಿವಿ ಪರದೆಯ ಮೇಲೆ ಕಂಪನಿಯ ಪ್ರಕಟಣೆ ಬಂತು. ಹಳೆಯ ಆಟ ಇನ್ನಿಲ್ಲ, ಎಲ್ಲರೂ ತಿಂಗಳ ಬಾಡಿಗೆಯ ಹೊಸ ಆಟಕ್ಕೆ ಬರಬೇಕು, ಹೊಸ ಷರತ್ತುಗಳಿಗೆ ಒಪ್ಪಬೇಕು. ಮಕ್ಕಳ ಖಾತೆಗೆ ಪೋಷಕರು ಶುಕ್ರವಾರ ಸಂಜೆ ಆರರೊಳಗೆ ಒಪ್ಪಿಗೆ ಕೊಡದಿದ್ದರೆ ಖಾತೆ ಅಳಿಸಲಾಗುವುದು. ಆಟ ಇದ್ದದ್ದು ನನ್ನ ಖಾತೆಯಲ್ಲಿ. ಬಸ್ಸು, ಡಿಪೋ, ಹದಿನಾಲ್ಕನೇ ನಂಬರು, ಇಪ್ಪತ್ತೆರಡು ತಿರುವು, ಎಲ್ಲ ಆ ಮೂರು ವರ್ಷದ ಮಗುವಿನ ಹೆಸರಿನಲ್ಲಿದ್ದವು. ಬಸ್ಸೇ ಇಲ್ಲವಾದರೆ ಅಣ್ಣ ವಾಪಸ್ ಬರುವುದಾದರೂ ಎಲ್ಲಿಗೆ? ಮೂರು ದಿನ ಒದ್ದಾಡಿದೆ. ಗಿರಾಕಿಯ ಕೋಟಿನ ಎರಡೂ ಕಡೆಗೆ ಎಡಗೈ ತೋಳನ್ನೇ ಹೊಲಿದಿಟ್ಟೆ. ಶುಕ್ರವಾರ ಮೂರೂವರೆಗೆ ಚಪ್ಪಲಿ ಮೆಟ್ಟಿ ಹೊರಟೆ.

ಅಣ್ಣ ಬಾಗಿಲು ತೆಗೆದ. ಗಡ್ಡ ಬೆಳೆದಿತ್ತು. ಕುರ್ಚಿ ಗೋಡೆಯ ಕಡೆಗೇ ಇತ್ತು.

ನಿಂತಲ್ಲೇ ಹೇಳಿದೆ. "ನೀನು ಡ್ರೈವರಲ್ಲ ಅಂದಿದ್ದು ತಪ್ಪು ಅಣ್ಣ. ಕದ್ದು ಒತ್ತಿದ್ದೂ ತಪ್ಪು. ಕಾಗದದ ವಿಷ್ಯ ಮುಚ್ಚಿಟ್ಟಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ನೀನಿಲ್ದೆ ನಂಗೆ ಭಾನುವಾರ ಕಳಿಯೋಕಾಗ್ತಿಲ್ಲ."

"ಗೊತ್ತು" ಅಂದ.

"ಏನ್ ಗೊತ್ತು?"

ಅವನು ಫೋನ್ ತೆಗೆದು ನನ್ನ ಮುಂದೆ ಹಿಡಿದ. ವರದಿಗಳು. ಒಂದರ ಕೆಳಗೆ ಒಂದು, ಹನ್ನೊಂದು. ಪೋಷಕನಿಗೆ ವಾರಕ್ಕೊಂದು ಬರುತ್ತದೆ ಅನ್ನುವುದನ್ನೇ ನಾನು ಮರೆತುಬಿಟ್ಟಿದ್ದೆ. "ನಿಮ್ಮ ಮಗು ಈ ವಾರ ಆಡಿದ ಸಮಯ: ಎರಡು ಗಂಟೆ. ಕ್ರಮಿಸಿದ ದೂರ: ಸೊನ್ನೆ ಕಿಲೋಮೀಟರ್." ಎಲ್ಲದರಲ್ಲೂ ಅದೇ.

"ನಿಂತಿರೋ ಬಸ್ಸಲ್ಲಿ ಏನ್ ಮಾಡ್ತಿದ್ದೆ?"

"ಕಾಯ್ತಿದ್ದೆ."

ಅವನು ಕಿಟಕಿಯ ಕಡೆ ತಿರುಗಿದ. "ಪ್ರತಿ ಸೋಮವಾರ ಇದನ್ನ ನೋಡ್ತಿದ್ದೆ. ಈ ಭಾನುವಾರ ಹೋಗ್ಬೇಕು ಅಂತ ಅಂಗಿ ಇಸ್ತ್ರಿ ಮಾಡಿಡ್ತಿದ್ದೆ. ನಿನ್ ಮನೆ ಬಾಗಿಲ ತನಕ ಬಂದು ವಾಪಸ್ ಹೋಗ್ತಿದ್ದೆ. ನೀನಂದಿದ್ದು ನಿಜ ಅನಿಸ್ತಿತ್ತು."

ಷರತ್ತುಗಳು ಅವನಿಗೂ ಬಂದಿದ್ದವು. ಅವನು ಅಷ್ಟನ್ನೂ ಓದಿದ್ದ, ಮೂವತ್ತೆಂಟು ಪುಟ. ಜಗತ್ತಿನಲ್ಲಿ ಅದನ್ನು ಪೂರ್ತಿ ಓದಿದ ಮನುಷ್ಯ ಇವನೊಬ್ಬನೇ ಇರಬೇಕು. "ಇದ್ರಲ್ಲಿ ಬರ್ದಿದಾರೆ, ನಿಮಗೆ ಏನನ್ನೂ ಮಾರಿಲ್ಲ, ಬರೀ ಬಳಸೋಕೆ ಬಿಟ್ಟಿದೀವಿ ಅಂತ. ಯಾವಾಗ ಬೇಕಾದ್ರೂ ಏನು ಬೇಕಾದ್ರೂ ತೆಗೀತಾರಂತೆ. ಇವತ್ತು ಹಾರನ್ನು, ನಾಳೆ ಬ್ರೇಕು." ಬೆರಳಿನಿಂದ ಸರಿಸುತ್ತ ಕೊನೆಯ ಪುಟಕ್ಕೆ ಬಂದ. "ಆದ್ರೂ ನಿನಗೆ ಬೇಕು ಅಂದ್ರೆ ಒತ್ತುತೀನಿ. ಜೀವಮಾನದಲ್ಲಿ ಒಂದ್ಸಲ ಕಣ್ಮುಚ್ಚಿ ಸಹಿ ಹಾಕಿದ್ರೆ ಆಕಾಶ ಏನೂ ಬಿದ್ದೋಗಲ್ಲ."

"ಒಪ್ಪಿದೆ" ಅನ್ನುವ ಹಸಿರು ಗುಂಡಿಯ ಹತ್ತಿರಕ್ಕೆ ಅವನು ಹೆಬ್ಬೆರಳು ತಂದ. ನಾನು ಬಂದದ್ದು ಅದಕ್ಕೇ. ಅವನು ಒತ್ತಿದರೆ ಸಾಕಿತ್ತು, ಬಸ್ಸು ಉಳಿಯುತ್ತಿತ್ತು. ಆದರೆ ನೋಡದೆ ಸಹಿ ಹಾಕದ ಮನುಷ್ಯನ ಹೆಸರಲ್ಲಿ ನಾನೇ ಒಮ್ಮೆ ಕದ್ದು ಸಹಿ ಹಾಕಿದ್ದೆ. ಈಗ ತಪ್ಪು ಅಂತ ನೋಡಿಯೂ ಅವನೇ ಸಹಿ ಹಾಕುವ ಹಾಗೆ ಮಾಡಬೇಕೇ? ಅಂಥವನು ಭಾನುವಾರ ಬಂದು ಸೋಫಾದಲ್ಲಿ ಕೂತರೂ, ಅವನು ನನ್ನ ಅಣ್ಣನಾಗಿರುವುದಿಲ್ಲ ಅನಿಸಿತು. ಅವನ ಕೈಯಿಂದ ಫೋನ್ ಕಿತ್ತುಕೊಂಡೆ.

"ಮತ್ತೆ ಕದೀತಿದ್ದೀಯಾ?"

"ಈ ಸಲ ನಿನ್ನ ಕಣ್ಣೆದುರಿಗೇ" ಅಂದು ಕೆಂಪು ಗುಂಡಿ ಒತ್ತಿದೆ. "ಒಪ್ಪುವುದಿಲ್ಲ."

ಇಂದು ಸಂಜೆ ಆರಕ್ಕೆ ಮಗುವಿನ ಖಾತೆ ಅಳಿಸಲಾಗುವುದು ಅಂತ ಬಂತು. ಅಣ್ಣ ಗಡಿಯಾರ ನೋಡಿದ. ನಾಲ್ಕೂಕಾಲು. "ಹದಿನಾಲ್ಕನೇ ನಂಬರಿಗೆ ಒಂದು ಗಂಟೆ ಹತ್ತು ನಿಮಿಷ. ನಡಿ" ಅಂದ.

ಇಬ್ಬರೂ ಓಡಿದೆವು ಅಂದರೆ ನಂಬಬೇಕು, ಅವನಿಗೆ ಅರವತ್ತನಾಲ್ಕು, ನನಗೆ ಮಂಡಿನೋವು. ಏದುಸಿರು ಬಿಡುತ್ತ ಸೋಫಾದಲ್ಲಿ ಕೂತೆವು. ಬ್ರೇಕು, ಲೈಟು, ವೈಪರು. ಅವನ ಬೆರಳು ಬೀಗದ ಮೇಲೆ ನಿಂತಿತು. ಮುಖ ಸಣ್ಣದಾಯಿತು.

"ಪೋಂ" ಅಂದೆ ನಾನು.

ಅವನು ತಿರುಗಿ ನೋಡಿದ.

"ಹಾರನ್ ಸರಿ ಇದೆ ಡ್ರೈವರೇ. ಸಹಿ ಹಾಕಿ, ಗೇಟ್ ತೆಗೆಸಿ."

ಇಪ್ಪತ್ತೆರಡು ತಿರುವಿಗೆ ಇಪ್ಪತ್ತೆರಡು ಸಲ ಗಂಟಲು ಹರಿಯುವಂತೆ ಕೂಗಿದೆ. ಪ್ಯಾಂಟ್ ಒಯ್ಯಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು, ನಮ್ಮಿಬ್ಬರನ್ನು ನೋಡಿ, ನಾಳೆ ಬರ್ತೀನಿ ಅಂತ ಹೊರಟುಹೋದ. ಅಣ್ಣ ಒಂದು ತಿರುವಿನಲ್ಲೂ ಬಸ್ ನಿಲ್ಲಿಸಲಿಲ್ಲ. ಒಬ್ಬ ಪ್ರಯಾಣಿಕನೂ ಸಿಟ್ಟಾಗಿ ಇಳಿಯಲಿಲ್ಲ. ತುದಿಯ ನಿಲ್ದಾಣದಲ್ಲಿ ಬಸ್ಸನ್ನು ಸಾಲಿಗೆ ಸರಿಯಾಗಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಎಂಜಿನ್ ಆರಿಸಿದ. ಆರು ಗಂಟೆಗೆ ಪರದೆ ಬಿಳಿಯಾಯಿತು. "ಹೆಚ್ಚಿನ ಮಾಹಿತಿಗೆ ನಿಮ್ಮ ಪೋಷಕರನ್ನು ಕೇಳಿ" ಅಂತ ಬರೆದಿತ್ತು. ಅಣ್ಣ ಎದ್ದು ನನ್ನ ತಲೆ ಮೇಲೆ ಒಮ್ಮೆ ಕೈಯಿಟ್ಟು ಮನೆಗೆ ಹೋದ.

ಭಾನುವಾರ ನಾನು ಯಂತ್ರದ ವೈರುಗಳನ್ನು ಸುತ್ತಿ ಪೆಟ್ಟಿಗೆಗೆ ಹಾಕಿದೆ. ಸೋಫಾದ ಮೇಲೆ ಪರದೆ ಬಟ್ಟೆ ಹರಡಿ ಕತ್ತರಿಸತೊಡಗಿದೆ. ಇನ್ನು ಅಲ್ಲಿ ಕೂರಲು ಯಾರೂ ಬರುವುದಿಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆಡುವುದಕ್ಕೆ ಏನೂ ಇಲ್ಲ, ಯಾಕೆ ಬರುತ್ತಾನೆ? ಗಡಿಯಾರದ ಕಡೆ ನೋಡಬಾರದು ಅಂದುಕೊಂಡೂ ನೋಡುತ್ತಿದ್ದೆ. ನಾಲ್ಕಾಯಿತು. ನಾಲ್ಕು ದಾಟಿ ಎರಡು ನಿಮಿಷವಾಯಿತು.

ಕೆಳಗೆ ಮೆಟ್ಟಿಲಿನ ಕತ್ತಲೆ ತಿರುವಿನಿಂದ ಒಬ್ಬ ಮುದುಕನ ದನಿ ಕೇಳಿಸಿತು.

"ಪೋಂ! ಪೋಂ!"

ನಾನು ಕತ್ತರಿ ಕೆಳಗಿಟ್ಟು, ಸೋಫಾದ ಮೇಲಿನ ಬಟ್ಟೆ ತೆಗೆದೆ.